1:72 ಅಳತೆಯ ಶೆರ್ಮನ್ ಮತ್ತು ಒರ್ಟೋನಾದ ಕುಸಿದ ಬೀದಿ: ನನ್ನ ಕಲ್ಲುರಾಶಿ ಏಕೆ ಸುಳ್ಳಾಗಿ ಕಾಣುತ್ತಿದೆ?

ಮೇಜಿನಂಚು ಬರೆದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕಳೆದ ನಾಲ್ಕು ತಿಂಗಳಿಂದ 1:72 ಅಳತೆಯಲ್ಲಿ ಒಂದು ಸಣ್ಣ ಡಯೋರಾಮಾ (ಪೀಠದ ಮೇಲೆ ಕಟ್ಟುವ ಪುಟಾಣಿ ಮಾದರಿ ದೃಶ್ಯ) ಕಟ್ಟುತ್ತಿದ್ದೇನೆ. 1943ರ ಡಿಸೆಂಬರ್ 20ರಿಂದ 28ರವರೆಗೆ ಇಟಲಿಯ ಏಡ್ರಿಯಾಟಿಕ್ ಕರಾವಳಿಯ ಒರ್ಟೋನಾ ಪಟ್ಟಣದಲ್ಲಿ ನಡೆದ ಬೀದಿಕಾಳಗವೇ ಅದರ ವಸ್ತು. ಕೆನಡಾದ ಲಾಯಲ್ ಎಡ್ಮಂಟನ್ ಮತ್ತು ಸೀಫೋರ್ತ್ ಹೈಲ್ಯಾಂಡರ್ಸ್ ಪಡೆಗಳು, ಥ್ರೀ ರಿವರ್ಸ್ ರೆಜಿಮೆಂಟಿನ ಶೆರ್ಮನ್ ಟ್ಯಾಂಕುಗಳನ್ನು ಜೊತೆಗಿಟ್ಟುಕೊಂಡು, ಜರ್ಮನಿಯ ಒಂದನೇ ಪ್ಯಾರಾಶೂಟ್ ಡಿವಿಷನ್ನಿನ ಸೈನಿಕರನ್ನು ಮನೆಯಿಂದ ಮನೆಗೆ ಅಟ್ಟುತ್ತ ಹೋದ ಈ ಕಾಳಗವನ್ನು ‘ಪುಟ್ಟ ಸ್ಟಾಲಿನ್‌ಗ್ರಾಡ್’ ಎಂದು ಕರೆಯುವುದು ಇಲ್ಲಿ ಹಲವರಿಗೆ ಗೊತ್ತಿದ್ದೀತು.

ನನ್ನ ಪೀಠದ ಅಳತೆ 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ; ನಿಜ ಅಳತೆಯಲ್ಲಿ ಇದು ಸುಮಾರು ಇಪ್ಪತ್ತೊಂದೂವರೆ ಮೀಟರ್‌ಗೆ ಹದಿನಾಲ್ಕೂವರೆ ಮೀಟರ್. ನಡುವೆ 76 ಮಿ.ಮೀ. ಅಗಲದ ಬೀದಿ, ಅಂದರೆ ಐದೂವರೆ ಮೀಟರ್. ಬಲಕ್ಕೆ ಅರ್ಧ ಉಳಿದಿರುವ ಮೂರಂತಸ್ತಿನ ಮನೆ, ಎಡಕ್ಕೆ ಪೂರ್ತಿ ಕುಸಿದ ಮನೆ. ಗೋಡೆಗಳನ್ನು 5 ಮಿ.ಮೀ. ಸನ್‌ಬೋರ್ಡಿನಲ್ಲಿ (ಹಗುರ ಫೋಮ್ ಹಲಗೆ) ಕತ್ತರಿಸಿ, ಮೇಲೆ ವಾಲ್ ಪುಟ್ಟಿ ಬಳಿದಿದ್ದೇನೆ. ಎಡಗಡೆಯ ಮನೆಯಿದ್ದ ಜಾಗದಲ್ಲಿ ಸಣ್ಣ ಜಲ್ಲಿ, ಮುರಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಚೂರು ಮತ್ತು ಮರಳನ್ನು ಬೆರೆಸಿ, ಸುಮಾರು 12 ಮಿ.ಮೀ. ಎತ್ತರಕ್ಕೆ ಸುರಿದು, ಫೆವಿಕಾಲ್ ಹನಿಸಿ ಕೂರಿಸಿದೆ. ಆ ರಾಶಿಯ ನೆತ್ತಿಯ ಮೇಲೆ ಮೂತಿ ಎತ್ತಿಕೊಂಡು ಏರುತ್ತಿರುವ ಶೆರ್ಮನ್ ನಿಲ್ಲಿಸುವುದು ನನ್ನ ಯೋಜನೆ. ಟ್ಯಾಂಕ್ ಸಿದ್ಧವಾಗಿದೆ, ಬಣ್ಣವೂ ಆಗಿದೆ; ಅದು ದುಂಡಂಚಿನ ಎರಕದ ಒಡಲಿನ ಎಂ4ಎ1 ಎಂಬ ಶೆರ್ಮನ್ ಬಗೆ.

ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಒಟ್ಟಾಗಿ ನೋಡಿದರೆ ಮನೆ ಕುಸಿದ ಜಾಗವೆಂದು ಅನ್ನಿಸುವುದೇ ಇಲ್ಲ. ನಮ್ಮ ಬಡಾವಣೆಯಲ್ಲಿ ಒಳಚರಂಡಿ ಕಾಮಗಾರಿಗೆ ತಂದು ಸುರಿದು ಮರೆತುಹೋದ ಜಲ್ಲಿಯಂತೆ ಕಾಣುತ್ತದೆ ಎಂದು ಮನೆಯವರು ಹೇಳಿದರು, ನನಗೂ ಹೌದೆನ್ನಿಸಿತು. ಇನ್ನಷ್ಟು ಜಲ್ಲಿ ಹಾಕಬೇಕೇ, ಬಣ್ಣ ಬದಲಿಸಬೇಕೇ, ಅಥವಾ ಮೂಲದಲ್ಲಿಯೇ ಏನಾದರೂ ತಪ್ಪಿದೆಯೇ? ಬಿಚ್ಚಿ ಮತ್ತೆ ಕಟ್ಟಲು ಸಿದ್ಧನಿದ್ದೇನೆ, ಹಾಗಾಗಿ ಮುಲಾಜಿಲ್ಲದೆ ತಿಳಿಸಿ.


ಹಳೇ ಸಿವಿಲ್ ಬರೆದ ಉತ್ತರ:

ತಪ್ಪು ಬಣ್ಣದಲ್ಲಿಲ್ಲ, ಮೂಲದಲ್ಲಿಯೇ ಇದೆ. ನೀವು ರಾಶಿಯನ್ನು ಹೊರಗಿನಿಂದ ತಂದು ಸುರಿದಿದ್ದೀರಿ. ಕುಸಿದ ಬೀದಿಯಲ್ಲಿ ಹೊರಗಿನಿಂದ ಬಂದದ್ದು ಏನೂ ಇರುವುದಿಲ್ಲ. ಅಲ್ಲಿ ಬಿದ್ದಿರುವುದೆಲ್ಲ ಅಲ್ಲಿಯೇ ನಿಂತಿದ್ದ ಮನೆ. ಆದ್ದರಿಂದ ಮೊದಲು ಆ ಮನೆಯನ್ನು ಕಾಗದದ ಮೇಲಾದರೂ ಪೂರ್ತಿ ಕಟ್ಟಿ, ಆಮೇಲೆ ಕೆಡವಬೇಕಾಗುತ್ತದೆ. ನಾನು ವೃತ್ತಿಯಲ್ಲಿ ಕಟ್ಟಡ ಕೆಲಸದವನು, ನಿವೃತ್ತನಾದ ಮೇಲೆ ಈ ಹವ್ಯಾಸಕ್ಕೆ ಬಿದ್ದವನು. ಹಾಗಾಗಿ ಲೆಕ್ಕದಿಂದಲೇ ಆರಂಭಿಸುತ್ತೇನೆ, ಬೇಸರಿಸಬೇಡಿ.

ನಿಮ್ಮ ಎಡಗಡೆಯ ಮನೆ 6 ಮೀಟರ್‌ಗೆ 8 ಮೀಟರ್ ತಳದ, 10 ಮೀಟರ್ ಎತ್ತರದ ಮೂರಂತಸ್ತಿನದು ಎಂದಿಟ್ಟುಕೊಳ್ಳೋಣ. ಭಾರ ಹೊರುವ ಕಲ್ಲು-ಇಟ್ಟಿಗೆಯ ಹಳೆಯ ಗೋಡೆ 60 ಸೆಂ.ಮೀ. ದಪ್ಪವಿದ್ದರೆ, ಗೋಡೆಯ ನಡುಗೆರೆಯ ಸುತ್ತಳತೆ, ಎತ್ತರ, ದಪ್ಪಗಳನ್ನು ಗುಣಿಸಿದಾಗ ಸುಮಾರು 150 ಘನ ಮೀಟರ್ ಬರುತ್ತದೆ. ಬಾಗಿಲು ಕಿಟಕಿಗಳಿಗೆಂದು ಕಳೆದರೆ 130 ಉಳಿಯುತ್ತದೆ. ಗೋಡೆ ಮುರಿದು ಬಿದ್ದಾಗ ತುಂಡುಗಳ ನಡುವೆ ಗಾಳಿ ಸೇರಿ ಗಾತ್ರ ಹಿಗ್ಗುತ್ತದೆ, ಒಂದೂವರೆ ಪಟ್ಟು ಎಂದು ಹಿಡಿಯಬಹುದು. ಆಗ ಸುಮಾರು 195 ಘನ ಮೀಟರ್. ಇದೆಲ್ಲ ಮನೆಯ ತಳದೊಳಗೇ ಉಳಿದರೆ ರಾಶಿಯ ಎತ್ತರ 4 ಮೀಟರ್, ನಿಮ್ಮ ಅಳತೆಯಲ್ಲಿ 56 ಮಿ.ಮೀ. ಮನೆಯ ಮುಂದಿನ ಬೀದಿಗೂ ಸಮನಾಗಿ ಹರಡಿತೆಂದುಕೊಂಡರೂ ಸರಾಸರಿ 33 ಮಿ.ಮೀ. ಎತ್ತರವಾಗುತ್ತದೆ. ನೀವು ಹಾಕಿರುವುದು 12. ನೋಡುವವರು ಯಾರೂ ಈ ಲೆಕ್ಕ ಮಾಡುವುದಿಲ್ಲ, ಆದರೆ ಮೂರಂತಸ್ತಿನ ಮನೆಯೊಂದು ಮಾಯವಾಗಿ ಸೊಂಟದೆತ್ತರದ ಜಲ್ಲಿ ಉಳಿದಿರುವುದನ್ನು ಕಣ್ಣು ಹೇಗೋ ಹಿಡಿದುಬಿಡುತ್ತದೆ.

ಎರಡನೆಯದು ಇಳಿಜಾರು. ಒಡೆದ ಕಲ್ಲು-ಇಟ್ಟಿಗೆಯ ರಾಶಿ ತಾನಾಗಿ ನಿಲ್ಲುವುದು ಸಾಮಾನ್ಯವಾಗಿ 35ರಿಂದ 40 ಡಿಗ್ರಿಯ ಓರೆಯಲ್ಲಿ. ನಾಲ್ಕು ಮೀಟರ್ ಎತ್ತರದ ರಾಶಿ ಈ ಓರೆಯಲ್ಲಿ ಐದು ಮೀಟರಿಗೂ ಸ್ವಲ್ಪ ಹೆಚ್ಚು ಮುಂದಕ್ಕೆ ಚಾಚುತ್ತದೆ, ಎಂದರೆ ಹೆಚ್ಚುಕಡಿಮೆ ನಿಮ್ಮ ಬೀದಿಯ ಪೂರ್ತಿ ಅಗಲ. ಒರ್ಟೋನಾದಲ್ಲಿ ಜರ್ಮನ್ನರು ಮಾಡಿದ ಉಪಾಯವೇ ಇದು. ಪಟ್ಟಣವನ್ನು ಹಾಳುಮಾಡಬೇಕೆಂಬ ಸಿಟ್ಟಿನಿಂದಲ್ಲ, ಅಡ್ಡಬೀದಿಗಳನ್ನು ಮುಚ್ಚಬೇಕೆಂಬ ಲೆಕ್ಕದಿಂದ ಅವರು ಮನೆಗಳ ಬುಡಕ್ಕೆ ಸಿಡಿಮದ್ದಿಟ್ಟು ಬೀದಿಯ ಮೇಲೆ ಕೆಡವಿದರು. ಮುಖ್ಯಬೀದಿಯಾದ ಕೋರ್ಸೋ ವಿಟ್ಟೋರಿಯೋ ಎಮಾನುಎಲೆಯನ್ನು ಮಾತ್ರ ನಡುವಿನ ಚೌಕದವರೆಗೆ ತೆರೆದಿಟ್ಟು, ಬರುವವರು ಅಲ್ಲಿಯೇ ಬರಲಿ ಎಂದು ಬಂದೂಕು ಹೂಡಿ ಕಾದರು. ಹಾಗಾಗಿ ನಿಮ್ಮ ದೃಶ್ಯದಲ್ಲಿ ರಾಶಿಯೆಂಬುದು ಅಲಂಕಾರವಲ್ಲ, ಅದೊಂದು ಆಯುಧ.

ಇದರಿಂದ ಇನ್ನೊಂದು ಸೂಕ್ಷ್ಮ ಹೊರಡುತ್ತದೆ, ಇದನ್ನು ಅನೇಕರು ಗಮನಿಸುವುದಿಲ್ಲ. ಮನೆ ಹೇಗೆ ಬಿತ್ತು ಎನ್ನುವುದರ ಮೇಲೆ ರಾಶಿಯ ಪದರಗಳ ಕ್ರಮ ನಿಂತಿದೆ. ಬಾಂಬು ಮಾಡಿನ ಮೂಲಕ ಇಳಿದು ಒಳಗೆ ಸಿಡಿದರೆ ಮಾಡು ಮೊದಲು ಬೀಳುತ್ತದೆ, ಗೋಡೆಗಳು ಆಮೇಲೆ ಅದರ ಮೇಲೆ ಮಗುಚುತ್ತವೆ. ಹೆಂಚು ಮತ್ತು ಜಂತೆಗಳು ರಾಶಿಯ ಅಡಿ ಸೇರುತ್ತವೆ. ಬುಡದಲ್ಲಿ ಮದ್ದಿಟ್ಟು ಕೆಡವಿದ ಮನೆಯಲ್ಲಿ ಹಾಗಲ್ಲ. ಕೆಳಗಿನ ಗೋಡೆ ಮೊದಲು ಪುಡಿಯಾಗಿ, ಮೇಲಿನ ಅಂತಸ್ತುಗಳು ಕೂತುಕೊಂಡು, ಮಾಡು ಎಲ್ಲಕ್ಕಿಂತ ಕೊನೆಗೆ ಬಂದು ಬೀಳುತ್ತದೆ. ನಿಮ್ಮ ರಾಶಿಯ ಮೈಮೇಲೆ ಹೆಂಚು, ಮುರಿದ ಜಂತೆ, ಮೇಲಂತಸ್ತಿನ ಕಿಟಕಿಯ ಚೌಕಟ್ಟು, ಮಂಚದ ಕಬ್ಬಿಣದ ತಲೆಬದಿ ಇವೆಲ್ಲ ಕಾಣಬೇಕು. ಈಗ ಅಲ್ಲಿ ಒಂದೇ ಒಂದು ಹೆಂಚೂ ಇಲ್ಲ.

ಬಲಗಡೆಯ ಉಳಿದ ಮನೆಯ ಬಗ್ಗೆ ಎರಡು ಮಾತು. 5 ಮಿ.ಮೀ. ಸನ್‌ಬೋರ್ಡು ನಿಜದಲ್ಲಿ 36 ಸೆಂ.ಮೀ. ಆಗುತ್ತದೆ, ಮುರಿದ ಅಂಚು ಕಾಣುವ ಕಡೆಯಲ್ಲಾದರೂ 8 ಮಿ.ಮೀ.ಗೆ ಹೆಚ್ಚಿಸಿ. ಮುರಿದ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸುವುದು ಬೇಡ. ಗೋಡೆಗಳು ಬಿರಿಯುವುದು ದುರ್ಬಲ ಜಾಗಗಳಲ್ಲಿ, ಎಂದರೆ ಕಿಟಕಿಯ ಮೂಲೆಯಿಂದ ಕೆಳಗಿನ ಅಥವಾ ಮೇಲಿನ ಕಿಟಕಿಯ ಮೂಲೆಗೆ ಓರೆಯಾಗಿ. ಎರಡು ಗೋಡೆ ಸೇರುವ ಮೂಲೆಗಳು ಒಂದನ್ನೊಂದು ಹಿಡಿದುಕೊಂಡು ಎತ್ತರವಾಗಿ ಉಳಿದುಬಿಡುತ್ತವೆ. ಮಹಡಿಯ ತೊಲೆಗಳು ಕಿತ್ತುಬಂದ ಜಾಗದಲ್ಲಿ ಗೋಡೆಯ ಒಳಮೈಯಲ್ಲಿ ಒಂದೇ ಸಾಲಿನಲ್ಲಿ ಚೌಕ ಗೂಡುಗಳು ಕಾಣಬೇಕು. ಅಂತಸ್ತಿನಿಂದ ಅಂತಸ್ತಿಗೆ ಒಳಗೋಡೆಯ ಬಣ್ಣ ಬದಲಾಗಲಿ. ಒಂದು ಕೋಣೆ ತಿಳಿನೀಲಿ, ಅದರ ಮೇಲಿನದು ಮಾಸಿದ ಗುಲಾಬಿ ಇದ್ದರೆ ಅಲ್ಲಿ ಯಾರೋ ಬದುಕಿದ್ದರೆಂದು ತಿಳಿಯುತ್ತದೆ. ಆ ವಾರಗಳಲ್ಲಿ ಒರ್ಟೋನಾದ ಸುಮಾರು 1,300 ನಾಗರಿಕರು ಸತ್ತರು. ಟ್ಯಾಂಕಿನ ಮೇಲಿನ ಪ್ರೀತಿಯಲ್ಲಿ ನಾವು ಇದನ್ನು ಸುಲಭವಾಗಿ ಮರೆಯುತ್ತೇವೆ, ನಾನೂ ಮರೆತಿದ್ದೇನೆ.


ಟೀ ಜರಡಿ ಬರೆದ ಉತ್ತರ:

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ. ಅದನ್ನು ಮೇಜಿನ ಮೇಲೆ ಹೇಗೆ ಮಾಡುವುದೆಂದು ಮಾತ್ರ ಹೇಳುತ್ತೇನೆ, ಏಕೆಂದರೆ 56 ಮಿ.ಮೀ. ಎತ್ತರಕ್ಕೂ ಪ್ಲಾಸ್ಟರ್ ತುಂಬಿಸಿದರೆ ಪೀಠವನ್ನು ಎತ್ತಲು ಇಬ್ಬರು ಬೇಕಾಗುತ್ತಾರೆ.

ರಾಶಿಯ ಹೊಟ್ಟೆಯನ್ನು ಗಟ್ಟಿ ಥರ್ಮೋಕೋಲಿನಲ್ಲಿ ಕೆತ್ತಿಕೊಳ್ಳಿ. ಅದರ ಮೇಲೆ ಕಂದು ಬಣ್ಣ ಕಲಸಿದ ಪುಟ್ಟಿಯ ತೆಳು ಲೇಪ ಕೊಟ್ಟರೆ ಮುಂದೆ ಎಲ್ಲಿಯಾದರೂ ತುಂಡು ಉದುರಿದರೂ ಬಿಳಿ ಇಣುಕುವುದಿಲ್ಲ. ಲೇಪ ಹಸಿಯಾಗಿರುವಾಗಲೇ ದೊಡ್ಡ ತುಂಡುಗಳನ್ನು ಒತ್ತಬೇಕು. ಈ ತುಂಡುಗಳಿಗೆ ಜಲ್ಲಿ ಬೇಡ. ಪ್ಲಾಸ್ಟಿಕ್ ಹಾಳೆ ಹಾಸಿದ ತಟ್ಟೆಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸನ್ನು 7-8 ಮಿ.ಮೀ. ದಪ್ಪಕ್ಕೆ ಸುರಿದು, ಅದು ಗಟ್ಟಿಯಾದರೂ ತೇವವಿರುವಾಗ ಒಂದು ಮೈಗೆ ಸೂಜಿಯಿಂದ ಇಟ್ಟಿಗೆಯ ಗೆರೆ ಎಳೆದು, ಇನ್ನೊಂದು ಮೈಯನ್ನು ನುಣುಪಾಗಿ ಬಿಟ್ಟು, ಪೂರ್ತಿ ಒಣಗಿದ ಮೇಲೆ ಕೈಯಿಂದಲೇ ಮುರಿಯಿರಿ. ಕತ್ತರಿ ಅಥವಾ ಚಾಕು ಮುಟ್ಟಿಸಬೇಡಿ. ಹೀಗೆ ಮುರಿದಾಗ ಒಂದು ಮೈ ಗಾರೆ, ಇನ್ನೊಂದು ಮೈ ಇಟ್ಟಿಗೆ ಇರುವ, ಗೋಡೆಯೆಂದು ಗುರುತು ಸಿಗುವ ತುಂಡುಗಳು ಸಿಗುತ್ತವೆ. ಜಲ್ಲಿಗೆ ಎಲ್ಲ ಮೈಯೂ ಒಂದೇ, ಅದಕ್ಕೇ ಅದು ಜಲ್ಲಿಯಾಗಿಯೇ ಕಾಣುತ್ತದೆ. ಈ ಅಳತೆಯಲ್ಲಿ ಒಂದು ಇಟ್ಟಿಗೆ ಉದ್ದಕ್ಕೆ ಮೂರೂವರೆ ಮಿ.ಮೀ., ಎತ್ತರಕ್ಕೆ ಒಂದಕ್ಕಿಂತ ತುಸು ಕಡಿಮೆ; ಎಲ್ಲ ಗೋಡೆಗೂ ಗೆರೆ ಎಳೆಯುವ ಹುಚ್ಚಿಗೆ ಬೀಳದೆ ಗಾರೆ ಉದುರಿದ ಕಡೆ ಮಾತ್ರ ತೋರಿಸಿ.

ಹೆಂಚಿನ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುತ್ತಾರೆ. ಕಣ್ಣಿಗೆ ಪರಿಚಯವಿರುವ ಚಪ್ಪಟೆಯ ಮಂಗಳೂರು ಹೆಂಚನ್ನೇ ಮಾಡಿಬಿಡುತ್ತಾರೆ. ಅಲ್ಲಿನ ಹಳೆಯ ಮನೆಗಳ ಮೇಲಿರುವ ಹೆಂಚು ಅರ್ಧಕೊಳವೆಯ ಆಕಾರದ್ದು. ಮಲೆನಾಡಿನ ಹಳೆಯ ಕೊಟ್ಟಿಗೆಗಳ ಮೇಲೆ ಈಗಲೂ ಅಲ್ಲಲ್ಲಿ ಉಳಿದಿರುವ ನಾಡಹೆಂಚನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ಒಂದು ಸಾಲು ಮಲಗಿಸಿ, ಅವುಗಳ ಸಂದಿಯ ಮೇಲೆ ಇನ್ನೊಂದು ಸಾಲು ಬೋರಲು ಹಾಕುವ ಕ್ರಮವೂ ಅದೇ. ನಿಮ್ಮ ಅಳತೆಯಲ್ಲಿ ಒಂದು ಹೆಂಚು ಸುಮಾರು 6 ಮಿ.ಮೀ. ಉದ್ದ, 2 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಗಲ. ನಾನು ಮಾಡುವ ರೀತಿ ಇದು: ತೆಳು ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಬಳಿದು 2 ಮಿ.ಮೀ. ಕಡ್ಡಿಗೆ ಎರಡು ಸುತ್ತು ಸುತ್ತಿ, ಒಣಗಿದ ಮೇಲೆ ಕಡ್ಡಿ ಎಳೆದು, ಕೊಳವೆಯನ್ನು ಉದ್ದಕ್ಕೆ ಸೀಳಿ, ಆಮೇಲೆ 6 ಮಿ.ಮೀ.ಗೆ ತುಂಡು ಮಾಡುವುದು. ಇನ್ನೂರು ಹೆಂಚಿಗೆ ಎರಡು ಸಂಜೆ ಬೇಕು. ಪೂರ್ತಿ ಉಳಿದ ಹೆಂಚು ಕೆಲವೇ ಇರಲಿ, ಉಳಿದವನ್ನು ಉಗುರಿನಿಂದ ಮುರಿಯಿರಿ. ಜಂತೆಗಳಿಗೆ ಊದುಬತ್ತಿಯ ಬಿದಿರುಕಡ್ಡಿ ಸಾಕು, ಕತ್ತರಿಸದೆ ಬಗ್ಗಿಸಿ ಮುರಿದರೆ ನಾರುನಾರಾಗಿ ಬರುತ್ತದೆ.

ಕೊನೆಗೆ ಪುಡಿ. ಸುಟ್ಟ ಇಟ್ಟಿಗೆಯನ್ನೂ ಒಣಗಿದ ಪ್ಲಾಸ್ಟರನ್ನೂ ಕುಟ್ಟಿ, ಮೊದಲು ಹಿಟ್ಟಿನ ಜರಡಿ, ಆಮೇಲೆ ಟೀ ಜರಡಿ ಹಿಡಿದು ಮೂರು ದರ್ಜೆ ಮಾಡಿಕೊಳ್ಳಿ. ಅಂಗಳದ ಮಣ್ಣು ಬಳಸುವುದಾದರೆ ಹಳೆಯ ತವೆಯಲ್ಲಿ ಚೆನ್ನಾಗಿ ಹುರಿಯಿರಿ, ಇಲ್ಲವಾದರೆ ಮಳೆಗಾಲದಲ್ಲಿ ನಿಮ್ಮ ಇಟಲಿಗೆ ಬೂಷ್ಟು ಹಿಡಿಯುತ್ತದೆ; ನನ್ನದಕ್ಕೆ ಹಿಡಿದಿತ್ತು. ಪುಡಿಯನ್ನು ತುಂಡುಗಳ ನೆತ್ತಿಯ ಮೇಲೆ ಉದುರಿಸದೆ ಸಂದಿಗಳಿಗೆ ಕುಂಚದಿಂದ ತಳ್ಳಿ. ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಸೇರಿಸಿದ ನೀರನ್ನು ಮೊದಲು ಸಿಂಪಡಿಸಿ, ಆಮೇಲೆ ಒಂದಕ್ಕೆ ಮೂರರಂತೆ ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರಿನಿಂದ ಬಿಟ್ಟರೆ ಅದು ತಾನಾಗಿ ಹೀರಿಕೊಳ್ಳುತ್ತದೆ. ಪೀಠ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಇಷ್ಟು ನೀರು ಬೀಳುವ ಮೊದಲು ಎರಡೂ ಮೈಗೆ ವಾರ್ನಿಷ್ ಹೊಡೆಯಿರಿ. ಒಂದೇ ಮೈಗೆ ಹೊಡೆದು, ನನ್ನ ಪೀಠ ಹಪ್ಪಳದಂತೆ ಸೊಟ್ಟಗಾದ ಮೇಲೆ ಕಲಿತ ಪಾಠ ಇದು.


ಮೇಜಿನಂಚು ಬರೆದ ಮರುಪ್ರಶ್ನೆ:

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿಯೇ ಹಳೆಯ ರಾಶಿಯನ್ನು ಕೆರೆದು ತೆಗೆದು, ರದ್ದಿ ಥರ್ಮೋಕೋಲಿನಲ್ಲಿ 56 ಮಿ.ಮೀ. ಎತ್ತರದ ಗುಡ್ಡವೊಂದನ್ನು ಕತ್ತರಿಸಿ ಸುಮ್ಮನೆ ಇಟ್ಟು ನೋಡಿದೆ. ಬೀದಿ ಒಮ್ಮೆಲೇ ಉಸಿರುಗಟ್ಟಿದಂತಾಯಿತು, ಬೇಕಾಗಿದ್ದುದೂ ಅದೇ. ಆದರೆ ಹೊಸ ತೊಡಕು ಎದುರಾಗಿದೆ. ಟ್ಯಾಂಕನ್ನು ಆ ಓರೆಯ ಮೇಲೆ ಇಟ್ಟರೆ ಅದು ಗೋಡೆ ಹತ್ತುವ ಹಲ್ಲಿಯಂತೆ ಕಾಣುತ್ತದೆ. ರಾಶಿಯನ್ನು ಸ್ವಲ್ಪ ತಗ್ಗಿಸಲೇ? ಇನ್ನೊಂದು ಸಂದೇಹ: ಎಲ್ಲದರ ಮೇಲೂ ಬೂದುಬಿಳಿ ಧೂಳು ಹಿಡಿಸಬೇಕೇ? ನಾನು ನೋಡಿದ ಹೆಚ್ಚಿನ ಡಯೋರಾಮಾಗಳಲ್ಲಿ ಹಾಗೆಯೇ ಇದೆ.


ಮೂವತ್ತೊಂದು ಡಿಗ್ರಿ ಬರೆದ ಉತ್ತರ:

ರಾಶಿಯನ್ನು ತಗ್ಗಿಸಬೇಡಿ, ಟ್ಯಾಂಕನ್ನು ಇಳಿಸಿ. ಶೆರ್ಮನ್ ಏರಬಲ್ಲ ಗರಿಷ್ಠ ಇಳಿಜಾರು ನೂರಕ್ಕೆ ಅರವತ್ತು, ಎಂದರೆ ಸುಮಾರು 31 ಡಿಗ್ರಿ. ನೇರ ಅಡ್ಡಿಯಾದರೆ 60 ಸೆಂ.ಮೀ. ಮಾತ್ರ. ಹಳೇ ಸಿವಿಲ್ ಅವರು ಹೇಳಿದ ಓರೆ 35ರ ಮೇಲೆ. ಈ ನಾಲ್ಕೈದು ಡಿಗ್ರಿಯ ವ್ಯತ್ಯಾಸದಲ್ಲಿಯೇ ಒರ್ಟೋನಾದ ಅಡ್ಡಗಟ್ಟೆಗಳ ಗುಟ್ಟಿದೆ. ಹತ್ತಲು ಹೋದ ಟ್ಯಾಂಕು ಮೂತಿ ಆಕಾಶಕ್ಕೆ ಎತ್ತಿ, ತೆಳುವಾದ ಹೊಟ್ಟೆಯನ್ನು ಎದುರಿನವರಿಗೆ ತೋರಿಸಿಕೊಂಡು ನಿಲ್ಲುತ್ತದೆ. ಅದರ ಫಿರಂಗಿ ಕೆಳಕ್ಕೆ ಬಾಗುವುದು 10 ಡಿಗ್ರಿ ಮಾತ್ರ, ಹಾಗಾಗಿ ಬೀದಿಯಲ್ಲಿರುವ ಯಾರಿಗೂ ಗುರಿಯಿಡಲಾಗದು. ಜೊತೆಗೆ ಇಂಥ ರಾಶಿಗಳೊಳಗೆ ನೆಲಬಾಂಬುಗಳನ್ನು ಹುದುಗಿಸುತ್ತಿದ್ದರು.

ಹಾಗಾದರೆ ಟ್ಯಾಂಕು ಏನು ಮಾಡುತ್ತಿರಬೇಕು? ರಾಶಿಯ ಈಚೆಗೆ, ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತು, ಟರೆಟ್ಟನ್ನು (ಫಿರಂಗಿ ಹೊತ್ತ, ತಿರುಗುವ ಮೇಲ್ಗೂಡು) ತುಸು ತಿರುಗಿಸಿ, ಫಿರಂಗಿಯನ್ನು ಮೇಲಂತಸ್ತಿನ ಕಿಟಕಿಯತ್ತ ಎತ್ತಿರಲಿ. ಶೆರ್ಮನ್ನಿನ 75 ಮಿ.ಮೀ. ಫಿರಂಗಿ 25 ಡಿಗ್ರಿಯವರೆಗೆ ಏರುತ್ತದೆ, 15 ಮೀಟರ್ ದೂರದ ಮೂರನೇ ಅಂತಸ್ತಿಗೆ ಅಷ್ಟು ಸಾಕು. ಟ್ಯಾಂಕಿನ ಎತ್ತರ ನಿಮ್ಮ ಅಳತೆಯಲ್ಲಿ 38 ಮಿ.ಮೀ., ರಾಶಿ 56; ತನಗಿಂತ ಎತ್ತರದ ರಾಶಿಯ ಮುಂದೆ ತಡೆದು ನಿಂತ ಟ್ಯಾಂಕು, ರಾಶಿ ಏರಿ ನಿಂತ ಟ್ಯಾಂಕಿಗಿಂತ ಹೆಚ್ಚು ನಿಜ. ಸೈನಿಕರನ್ನು ಬೀದಿಯ ನಡುವೆ ಓಡಿಸಬೇಡಿ. ಕೆನಡಿಯನ್ನರು ಅಲ್ಲಿ ಬೀದಿಗಿಳಿಯುವುದನ್ನೇ ಆದಷ್ಟು ತಪ್ಪಿಸಿ, ಒಂದು ಮನೆಯ ಮೇಲಂತಸ್ತಿನಿಂದ ಪಕ್ಕದ ಮನೆಗೆ ನಡುಗೋಡೆಯನ್ನು ಸಿಡಿಸಿ ದಾಟುತ್ತಿದ್ದರು. ನಿಮ್ಮ ಬಲಗಡೆಯ ಮನೆ ಒಳಗೆ ತೆರೆದು ಕಾಣುತ್ತದೆಯಲ್ಲ, ಅದರ ಪಕ್ಕದ ಗೋಡೆಯಲ್ಲಿ ಒಬ್ಬ ತೂರುವಷ್ಟು ಅಗಲದ, ಅಂಚೆಲ್ಲ ಕರಿದಾದ ಒಂದು ಬಿಲ ಕೊರೆಯಿರಿ. ಅದೊಂದೇ ವಿವರ ಇದು ಒರ್ಟೋನಾ ಎಂದು ಹೇಳಿಬಿಡುತ್ತದೆ.

ಈಗ ಕಹಿ ಸುದ್ದಿ. ಥ್ರೀ ರಿವರ್ಸ್ ರೆಜಿಮೆಂಟಿನ ಬಳಿ ಇದ್ದುದು ‘ಶೆರ್ಮನ್ ಐದು’ ಎಂಬ ಬಗೆ, ಎಂದರೆ ಎಂ4ಎ4. ಬೆಸುಗೆಯ ಚೂಪಂಚಿನ ಒಡಲಿನದು. ಕ್ರೈಸ್ಲರ್ ಕಂಪನಿಯ ಐದು ಎಂಜಿನ್ನುಗಳನ್ನು ಒಟ್ಟಿಗೆ ಜೋಡಿಸಿದ ಮೂವತ್ತು ಸಿಲಿಂಡರಿನ ಯಂತ್ರವನ್ನು ಕೂರಿಸಲು ಅದರ ಒಡಲನ್ನು ಉದ್ದ ಮಾಡಿದ್ದರು. ಅದಕ್ಕೇ ಬೋಗಿಗಳ (ಟ್ರ್ಯಾಕಿನೊಳಗಿನ ಜೋಡಿಚಕ್ರಗಳ ಕಟ್ಟು) ನಡುವಿನ ಅಂತರ ಹೆಚ್ಚು, ಒಂದೊಂದು ಬದಿಯ ಟ್ರ್ಯಾಕಿನಲ್ಲಿ 79ರ ಬದಲು 83 ಕೊಂಡಿ. ಎರಕದ ಎಂ4ಎ1 ಅನ್ನು ಅಲ್ಲಿ ನಿಲ್ಲಿಸಿದರೆ ಬಲ್ಲವರ ಕಣ್ಣು ನಿಮ್ಮ ಇನ್ನೂರು ಹೆಂಚನ್ನು ನೋಡುವ ಮೊದಲೇ ಟ್ಯಾಂಕಿನ ಮೂತಿಯ ಮೇಲೆ ನಿಲ್ಲುತ್ತದೆ. ಬೋಗಿಗಳ ಅಂತರವನ್ನು ಗೋಡೆಯ ತುಂಡಿನಿಂದ ಮರೆಮಾಚಬಹುದು, ಒಡಲಿನ ಆಕಾರವನ್ನು ಆಗದು.

ಧೂಳಿನ ಪ್ರಶ್ನೆಗೆ ಬರುತ್ತೇನೆ. ಹಾಳಾದ ಬೀದಿಗೂ ವಯಸ್ಸಿರುತ್ತದೆ. 1945ರ ಮಾರ್ಚ್ 6ರಂದು ಅಮೆರಿಕದ ಮೂರನೇ ಆರ್ಮರ್ಡ್ ಡಿವಿಷನ್ನಿನ ಪರ್ಶಿಂಗ್ ಟ್ಯಾಂಕು ಜರ್ಮನಿಯ ಕಲೋನ್ ನಗರದ ಕೆಥೆಡ್ರಲಿನ ಬಳಿ ಜರ್ಮನ್ನರ ಪ್ಯಾಂಥರ್ ಟ್ಯಾಂಕೊಂದನ್ನು ಹೊಡೆದ ಪ್ರಸಿದ್ಧ ದೃಶ್ಯವನ್ನು ಕಟ್ಟುವವರು ಇಲ್ಲಿ ಅನೇಕರಿದ್ದಾರೆ. ಆ ನಗರದ ಮೇಲೆ ಸಾವಿರ ವಿಮಾನಗಳ ದಾಳಿ ನಡೆದದ್ದು 1942ರ ಮೇ ಕೊನೆಯಲ್ಲಿ, ಆಮೇಲೂ ಬಾಂಬುಗಳು ಬೀಳುತ್ತಲೇ ಇದ್ದವು. ಅಲ್ಲಿನ ಅವಶೇಷಗಳಲ್ಲಿ ಹಲವು ವರ್ಷಗಳ ಹಳೆಯವು. ರಸ್ತೆಯನ್ನು ತೆರವು ಮಾಡಿ, ಇಟ್ಟಿಗೆಯನ್ನು ಬದಿಗೆ ಒತ್ತರಿಸಿ, ಮಳೆಯಲ್ಲಿ ಧೂಳೆಲ್ಲ ತೊಳೆದುಹೋಗಿ, ಸಂದಿಯಲ್ಲಿ ಒಣಹುಲ್ಲು ಕೂಡ ಇರಬಹುದು. ನಿಮ್ಮದು ಹಾಗಲ್ಲ. ನಿಮ್ಮ ಎಡಗಡೆಯ ಮನೆ ಬಿದ್ದು ಒಂದೋ ಎರಡೋ ದಿನ. ಮುರಿದ ಮೈಗಳೆಲ್ಲ ಹೊಸವು, ಬಣ್ಣ ಗಾಢ, ಮರದ ಸೀಳು ಹಳದಿ. ಆದರೆ ಅದು ಡಿಸೆಂಬರಿನ ಮಳೆ-ಕೆಸರಿನ ಕಾಲವೂ ಹೌದು. ಸುಣ್ಣಗಾರೆಯ ಧೂಳು ಒಣಪುಡಿಯಾಗಿ ಹಾರದೆ, ನೆಲದಲ್ಲಿ ಬೂದುಬಣ್ಣದ ಅಂಟುಕೆಸರಾಗಿ ಕೂತಿರಬೇಕು. ಬಿಳಿಧೂಳನ್ನು ಜಗಲಿಯ ಕೆಳಗೆ, ಬಾಗಿಲ ಒಳಗೆ, ಮಳೆ ತಾಗದ ಕಡೆ ಮಾತ್ರ ಉಳಿಸಿ. ಟ್ಯಾಂಕಿನ ಟ್ರ್ಯಾಕು ಹಾದ ಜಾಗದಲ್ಲಿ ಮೂವತ್ತು ಟನ್ನಿನ ಕೆಳಗೆ ಸಿಕ್ಕ ಹೆಂಚು ಪುಡಿಯಾಗಿ, ಕೆಸರಿನಲ್ಲಿ ಕೆಂಪು ಪಟ್ಟೆಗಳೆರಡು ಮೂಡಿರಲಿ.

ವಿಷಯಕ್ಕೆ ಅಂಟಿಕೊಂಡೇ ಒಂದು ಮಾತು: ಅದೇ ದಿನಗಳಲ್ಲಿ ಕೆನಡಿಯನ್ನರ ಎಡಮಗ್ಗುಲಲ್ಲಿ ನಮ್ಮ ಎಂಟನೇ ಇಂಡಿಯನ್ ಡಿವಿಷನ್ ವಿಲ್ಲಾ ಗ್ರಾಂಡೆ ಎಂಬ ಹಳ್ಳಿಗಾಗಿ ಇಂಥದೇ ಮನೆಮನೆ ಕಾಳಗ ನಡೆಸುತ್ತಿತ್ತು. ಅದನ್ನು ಯಾರಾದರೂ ಕಟ್ಟಿದ್ದನ್ನು ನಾನಂತೂ ಕಂಡಿಲ್ಲ.


ಮೇಜಿನಂಚು ಬರೆದ ಉತ್ತರ:

ಎಂ4ಎ1 ಕಪಾಟಿಗೆ ಹೋಯಿತು. ಎಂ4ಎ4 ಹುಡುಕಿ ತರಿಸಬೇಕು. ಬರುವವರೆಗೆ ಹೆಂಚು ಸುತ್ತುತ್ತ ಕೂರುತ್ತೇನೆ. ಈವರೆಗೆ 64 ಆಗಿವೆ, ಅವುಗಳಲ್ಲಿ ಹನ್ನೊಂದು ಮಾತ್ರ ಹೆಂಚಿನಂತಿವೆ. ಗೋಡೆಯ ಬಿಲವನ್ನು ಕೊರೆದಾಯಿತು, ಆದರೆ ಅಂಚು ತುಂಬ ದುಂಡಗೆ ಬಂದು ಇಲಿ ಕೊರೆದಂತಿದೆ. ಅದನ್ನು ಸರಿಪಡಿಸುವುದು ಹೇಗೆ?


ಟೀ ಜರಡಿ ಬರೆದ ಉತ್ತರ:

ಬಿಲದ ಅಂಚಿಗೆ ನೀರು ಮುಟ್ಟಿಸಿ ಪುಟ್ಟಿಯನ್ನು ನೆನೆಯಲು ಬಿಟ್ಟು, ಸೂಜಿಯಿಂದ ಇಟ್ಟಿಗೆಯ ಗೆರೆಗಳನ್ನು ಎಳೆದು, ಆ ಗೆರೆಯ ಗುಂಟವೇ ಒಂದೊಂದು ಇಟ್ಟಿಗೆಯನ್ನು ಚಿಮ್ಮಿ ತೆಗೆಯಿರಿ. ಅಂಚು ದುಂಡಾಗುವ ಬದಲು ಮೆಟ್ಟಿಲುಮೆಟ್ಟಿಲಾಗುತ್ತದೆ. ತೆಗೆದ ಇಟ್ಟಿಗೆಗಳನ್ನು ಎಸೆಯಬೇಡಿ, ಮದ್ದು ಸಿಡಿದ ಕಡೆಗೆ ಎದುರಾದ ಕೋಣೆಯ ನೆಲದ ಮೇಲೆ ಅವನ್ನೇ ಚೆಲ್ಲಿ. ಹೆಂಚಿಗೆ ಕಾಗದದ ಬದಲು ಚಹಾಪುಡಿಯ ಪೊಟ್ಟಣದೊಳಗಿನ ತೆಳು ಹಾಳೆಯನ್ನು ಬಳಸಿ ನೋಡಿ, ಅದು ಸುತ್ತಿದ ಆಕಾರ ಬಿಟ್ಟುಕೊಡುವುದಿಲ್ಲ.